ಗಾಳದ ಕೋಲಿಗೆ ಉಂಗುರ ಎಷ್ಟು?

ಮಾರಿಕಣಿವೆ ಕೋಡಿ ಬಿದ್ದದ್ದು 1933ರಲ್ಲಿ ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳಿಕೊಂಡೇ ಬೆಳೆದವರು ನಾವು. ಅದು ಮತ್ತೆ ತುಂಬಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎನ್ನದೆ ಎಲ್ಲ ಕಡೆಯ ಜನ ಬುತ್ತಿ ಕಟ್ಟಿಕೊಂಡು ನೀರು ನೋಡಲು ಹೊರಟರು. ಕಣಿವೆ ಮಾರಮ್ಮನಿಗೆ ಕೈ ಮುಗಿಯುವವರು ಕೆಲವರು, ಮಕ್ಕಳನ್ನು ಎತ್ತಿ ಹಿಡಿದು ಕೋಡಿ ತೋರಿಸುವವರು ಕೆಲವರು. ನನ್ನಂಥ ಒಂದಿಷ್ಟು ಮಂದಿ ಮಾತ್ರ ಅಟ್ಟದ ಮೇಲಿದ್ದ ಗಾಳದ ಕೋಲನ್ನು ಇಳಿಸಿ ಧೂಳು ಕೊಡವಿದೆವು. ಬರದ ಸೀಮೆಯಲ್ಲಿ ಹುಟ್ಟಿ ಮೀನಿನ ಹುಚ್ಚು ಹತ್ತಿಸಿಕೊಂಡವರ ಪಾಡು ಇದು. ನೀರು ಬಂದ ವರ್ಷವೇ ನಮಗೆ ಹಬ್ಬ.

ಆ ಹಬ್ಬದಲ್ಲಿ ನನಗಾದ ಒಂದು ಸಣ್ಣ ಅವಮಾನದಿಂದ ಈ ಲೇಖನ ಹುಟ್ಟಿತು.

ಹೊಸದುರ್ಗದ ಕಡೆ ಚಾಚಿರುವ ಹಿನ್ನೀರಿನ ದಡದಲ್ಲಿ, ಕೇಳಬೇಕಾದವರ ಅಪ್ಪಣೆ ಕೇಳಿಯೇ, ನಾನೂ ನನ್ನ ಷಡ್ಡಕನೂ ಕೂತಿದ್ದೆವು. ಅವರ ಕೋಲು ಪೇಟೆಯಲ್ಲಿ ಕೊಂಡದ್ದು. ಒಂದರೊಳಗೊಂದು ಜಾರಿ ಕೂರುವ, ಎಳೆದರೆ ಹತ್ತು ಅಡಿ ಉದ್ದವಾಗುವ ಮಡಚುಕೋಲು. ಮಧ್ಯಾಹ್ನದ ಹೊತ್ತಿಗೆ ಅವರು ಊಟಕ್ಕೆ ಎದ್ದರು, ಕೋಲು ನನ್ನ ಕೈಗೆ ಬಂತು. ಸ್ವಲ್ಪ ಹೊತ್ತಿನಲ್ಲೇ ಬೆಂಡು ಮುಳುಗಿತು. ಎಳೆದೆ. ಆ ಕಡೆ ಇದ್ದದ್ದು ದೊಡ್ಡ ಮೀನು, ಕಾಟ್ಲಾ ಇರಬೇಕು. ಕೋಲು ಬಿಲ್ಲಿನಂತೆ ಬಾಗಿತು. ರೀಲು ಎರಡು ಸಲ ಕಿರ್ ಎಂದಿತು. ಆಮೇಲೆ ಟಪ್ ಎಂಬ ಸದ್ದು. ತಂಗೂಸಿ ಕತ್ತರಿಸಿಹೋಗಿತ್ತು, ಕೋಲಿನ ತುದಿಯ ತುಂಡು ಸೀಳಿತ್ತು. ಊಟ ಮುಗಿಸಿ ಬಂದ ಷಡ್ಡಕರು ನನ್ನನ್ನೂ ಕೋಲನ್ನೂ ನೋಡಿ, ‘ಇರಲಿ ಬಿಡಿ ಅಣ್ಣ’ ಎಂದಷ್ಟೇ ಹೇಳಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನನಗೆ ಹೆಚ್ಚು ನೋವಾದದ್ದು ಕೋಲಿಗಲ್ಲ. ಬಾಯಲ್ಲಿ ಗಾಳ, ಹಿಂದೆ ಹತ್ತಾರು ಮಾರು ದಾರ ಎಳೆದುಕೊಂಡು ಹೋದ ಆ ಮೀನು ಬದುಕುವುದು ಅನುಮಾನ. ನೀರೊಳಗಿನ ಜಾಲಿ ಮುಳ್ಳಿಗೆ ದಾರ ಸುತ್ತಿಕೊಂಡರೆ ಅಲ್ಲೇ ಸಾಯುತ್ತದೆ. ದಾರ ದಡಕ್ಕೆ ಬಂದರೆ ಬೆಳ್ಳಕ್ಕಿಯ ಕಾಲಿಗೆ ಉರುಳು. ಹಿಡಿದು ತಿನ್ನುವುದು ಒಂದು ಮಾತು, ಯಾರಿಗೂ ದಕ್ಕದಂತೆ ಕೊಲ್ಲುವುದು ಬೇರೆ ಮಾತು.

ಸೈಕಲ್ ಶಾಪಿನ ಪಾಠ

ಮುರಿದ ಕೋಲನ್ನು ಹಿಡಿದು ಹಿರಿಯೂರಿಗೆ ಬಂದಾಗ ಒಬ್ಬರು ಹಿರಿಯರ ಹೆಸರು ಹೇಳಿ ಕಳಿಸಿದರು. ಅವರದು ಸೈಕಲ್ ರಿಪೇರಿ ಅಂಗಡಿ. ಬಿಡುವಿನಲ್ಲಿ ಗಾಳದ ಕೋಲು, ರೀಲು ದುರಸ್ತಿ. ಕೋಲನ್ನು ಕೈಗೆ ತೆಗೆದುಕೊಂಡವರು ಮುರಿದ ಜಾಗವನ್ನು ನೋಡಲೇ ಇಲ್ಲ. ಉಂಗುರಗಳನ್ನು ಮುಟ್ಟಿ ನೋಡಿದರು.

‘ಹತ್ತಡಿ ಕೋಲಿಗೆ ತುದೀದು ಸೇರಿ ಆರೇ ಉಂಗುರ. ಇನ್ನೇನಾಗ್ಬೇಕಪ್ಪ?’ ಎಂದರು.

ಉಂಗುರ ಎಂದರೆ ಯಾವುದು ಎಂಬುದನ್ನು ಗಾಳ ಹಿಡಿಯದ ಓದುಗರಿಗೆ ಹೇಳಬೇಕು. ಗಾಳದ ಕೋಲಿನ ಬುಡದಲ್ಲಿ ದಾರ ಸುತ್ತುವ ರೀಲು ಇರುತ್ತದೆ. ಅಲ್ಲಿಂದ ಹೊರಟ ದಾರ ಕೋಲಿನ ಉದ್ದಕ್ಕೂ ಕಟ್ಟಿದ ಸಣ್ಣ ಸಣ್ಣ ಬಳೆಗಳೊಳಗೆ ತೂರಿ, ತುದಿಯ ಬಳೆಯಿಂದ ನೀರಿಗಿಳಿಯುತ್ತದೆ. ಇವನ್ನೇ ಅಂಗಡಿಯವರು ಗೈಡ್ ಎನ್ನುತ್ತಾರೆ, ನಮ್ಮ ಕಡೆ ಉಂಗುರ ಅಥವಾ ರಿಂಗು. ನೋಡಲು ಅಲಂಕಾರದಂತೆ ಕಾಣುತ್ತವೆ. ಆದರೆ ಮೀನಿನ ಎಳೆತವನ್ನು ದಾರದಿಂದ ಕೋಲಿಗೆ ದಾಟಿಸುವ ಕೆಲಸ ಇವುಗಳದೇ.

ಉಂಗುರವೇ ಇಲ್ಲದ ಕೋಲೂ ಉಂಟು. ಬಯಲು ಗಣಪತಿಯ ಊರಾದ ಹೊಳಲ್ಕೆರೆಯಲ್ಲಿ ನನ್ನ ಸೋದರಮಾವ ಈಗಲೂ ಬಿದಿರು ಗಳದಲ್ಲೇ ಗಾಳ ಹಾಕುತ್ತಾರೆ. ಗಳದ ತುದಿಗೆ ದಾರ ಕಟ್ಟಿದರೆ ಮುಗಿಯಿತು, ರೀಲಿಲ್ಲ, ಉಂಗುರವಿಲ್ಲ. ಕೋಲು ಎಷ್ಟುದ್ದವೋ ದಾರವೂ ಸುಮಾರು ಅಷ್ಟೇ ಉದ್ದ. ಊರ ಕೆರೆಯ ಜಿಲೇಬಿ ಮೀನಿಗೆ, ಮರಿ ಗೆಂಡೆಗೆ ಅದು ಧಾರಾಳ ಸಾಕು. ದೊಡ್ಡ ಮೀನು ಬಂದರೆ ಮಾವ ಗಳವನ್ನೇ ನೀರಿಗೆ ಬಿಟ್ಟು, ಮೀನು ಸುಸ್ತಾದ ಮೇಲೆ ಈಜಿ ಹೋಗಿ ತರುತ್ತಾರೆ. ದಾರ ಬಿಟ್ಟು ಬಿಟ್ಟು ಎಳೆಯುವ ಆಟಕ್ಕೆ ಇಳಿದವರಿಗೆ ಮಾತ್ರ ಉಂಗುರದ ಚಿಂತೆ.

ಈ ಆಟಕ್ಕೂ ನಮ್ಮ ನಾಡಿಗೂ ಹಳೆಯ ನಂಟಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ನದಿಗಳ ಮೀನು, ಗಾಳ, ಕೋಲುಗಳ ಬಗ್ಗೆ ‘ದಿ ರಾಡ್ ಇನ್ ಇಂಡಿಯಾ’ ಎಂಬ ದಪ್ಪ ಪುಸ್ತಕ ಬರೆದ. ಅದು 1873ರಲ್ಲಿ ಹೊರಬಂತು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಗಾಳದಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಇಂದಿಗೂ ದಾಖಲೆಯ ಮಾತು. ಇನ್ನು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಿಗಿದ್ದ ಗಾಳದ ಹುಚ್ಚು ಕನ್ನಡ ಓದುಗರಿಗೆಲ್ಲ ಗೊತ್ತು. ಕಾವೇರಿಯ ಆ ಡುಬ್ಬದ ಮಹಶೀರ್ ಇಂದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಅದರ ಸುದ್ದಿಗೆ ಹೋಗುವಂತಿಲ್ಲ. ನಮ್ಮ ವೇದಾವತಿ ಸೀಮೆಯ ಪಾಲಿಗೆ ಇರುವುದು ಕಾಟ್ಲಾ, ರೋಹು, ಮೃಗಾಲ್, ಗೆಂಡೆ, ಕೊರವ. ಐದಾರು ಕಿಲೋ ತೂಗುವ ಕಾಟ್ಲಾ ಕೂಡ ಕೋಲಿನ ಯೋಗ್ಯತೆಯನ್ನು ಚೆನ್ನಾಗಿಯೇ ಪರೀಕ್ಷೆ ಮಾಡುತ್ತದೆ.

ಕಡಿಮೆಯಾದರೆ ಏನಾಗುತ್ತದೆ?

ಹಿರಿಯರು ಅಂಗಡಿಯ ಮುಂದಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಒಂದು ಹಳೆಯ ಕೋಲನ್ನು ಬಗ್ಗಿಸಿ ತೋರಿಸಿದರು. ಕೋಲು ಬಾಗಿದಾಗ ಕಮಾನಿನಂತೆ ದುಂಡಗಾಗುತ್ತದೆ. ದಾರ ಹಾಗಲ್ಲ. ಒಂದು ಉಂಗುರದಿಂದ ಮತ್ತೊಂದಕ್ಕೆ ನೆಟ್ಟಗೆ ಹೋಗುತ್ತದೆ. ಉಂಗುರಗಳು ಹತ್ತಿರ ಹತ್ತಿರ ಇದ್ದರೆ ದಾರವೂ ಕಮಾನನ್ನೇ ಅನುಸರಿಸುತ್ತದೆ. ದೂರ ದೂರ ಇದ್ದರೆ ಕೋಲು ಒಂದು ದಾರಿ, ದಾರ ಒಂದು ದಾರಿ.

ಲೆಕ್ಕ ಹಾಕಿ ನೋಡಿ. ದೊಡ್ಡ ಮೀನಿನ ಎಳೆತಕ್ಕೆ ಕೋಲು ಕಾಲು ಸುತ್ತು, ಅಂದರೆ 90 ಡಿಗ್ರಿ ಬಾಗಿತು ಎನ್ನಿ. ದಾರವೂ ಅಷ್ಟೇ ತಿರುಗಬೇಕು. ತುದಿಯದೂ ಸೇರಿ ಆರು ಉಂಗುರವಿದ್ದರೆ ಒಂದೊಂದರ ಪಾಲಿಗೆ ಸರಾಸರಿ 15 ಡಿಗ್ರಿ ತಿರುವು. ಒಂಬತ್ತಿದ್ದರೆ 10 ಡಿಗ್ರಿ. ಆದರೆ ಕೋಲು ಎಲ್ಲ ಕಡೆ ಒಂದೇ ಸಮ ಬಾಗುವುದಿಲ್ಲ, ತೆಳ್ಳಗಿನ ತುದಿಯೇ ಹೆಚ್ಚು ಬಾಗುತ್ತದೆ. ಹಾಗಾಗಿ ಉಂಗುರ ಕಡಿಮೆಯಿದ್ದಾಗ ತುದಿಯ ಒಂದೆರಡು ಉಂಗುರಗಳ ಮೇಲೇ ಹೊರೆಯೆಲ್ಲ ಬೀಳುತ್ತದೆ. ಅಲ್ಲಿ ದಾರ ಕಡಿದಾಗಿ ಮುರಿದು ತಿರುಗುತ್ತದೆ, ಉಜ್ಜಿಕೊಳ್ಳುತ್ತದೆ, ಬಿಸಿಯಾಗುತ್ತದೆ. ಆ ಉಂಗುರದ ಒಳಗೆ ಕೂದಲೆಳೆಯಷ್ಟು ಗೀರು ಬಿದ್ದಿದ್ದರಂತೂ ತಂಗೂಸಿಗೆ ಅದೇ ಗರಗಸ. ನನ್ನ ಮೀನು ಹೋದದ್ದೂ ಹೀಗೆ. ತುದಿಯ ಉಂಗುರದೊಳಗೆ ಹಿರಿಯರು ಹತ್ತಿಯ ಎಳೆಯೊಂದನ್ನು ಆಡಿಸಿ ತೋರಿಸಿದರು. ಗೀರಿದ್ದ ಕಡೆ ಹತ್ತಿ ಸಿಕ್ಕಿಕೊಂಡಿತು.

ಹಾಗಾದರೆ ಅಂಗಡಿಯ ಕೋಲಿಗೆ ಆರೇ ಏಕೆ? ಮಡಚುಕೋಲಿನ ಗುಟ್ಟು ಅಲ್ಲಿದೆ. ಒಂದರೊಳಗೊಂದು ಜಾರಬೇಕಾದ್ದರಿಂದ ಒಂದೊಂದು ತುಂಡಿನ ಬಾಯಲ್ಲಿ ಮಾತ್ರ ಉಂಗುರ ಕೂರಿಸಲು ಸಾಧ್ಯ. ತುಂಡು ಎಷ್ಟೋ ಉಂಗುರ ಸುಮಾರು ಅಷ್ಟೇ. ಚೀಲದಲ್ಲಿ ಹಿಡಿಸಬೇಕೆಂಬ ಅನುಕೂಲವೇ ಲೆಕ್ಕವನ್ನು ತೀರ್ಮಾನಿಸುತ್ತದೆ, ಮೀನಿನ ಎಳೆತವಲ್ಲ. ಒಳ್ಳೆಯ ಮಡಚುಕೋಲುಗಳಲ್ಲಿ ತುದಿಯ ತುಂಡಿಗೆ ಜಾರುವ ಸಣ್ಣ ಉಂಗುರಗಳನ್ನು ಹೆಚ್ಚಾಗಿ ಹಾಕಿರುತ್ತಾರೆ. ಕೊಳ್ಳುವಾಗ ಅದನ್ನು ನೋಡಿ ಕೊಳ್ಳಬೇಕು.

ಹೆಚ್ಚಾದರೆ?

ಇದನ್ನೆಲ್ಲ ಕೇಳಿ ನನಗೆ ಜ್ಞಾನೋದಯವಾಯಿತು. ಹಾಗಿದ್ದರೆ ಹದಿನೈದು ಉಂಗುರ ಕಟ್ಟಿಬಿಟ್ಟರಾಯಿತಲ್ಲ! ಹಿರಿಯರು ನಕ್ಕು, ಅಲ್ಲೇ ಬಿದ್ದಿದ್ದ ಒಂದು ಮಾರು ಉದ್ದದ ಕಡ್ಡಿಯ ತುದಿಗೆ ಸೈಕಲ್ಲಿನ ನಾಲ್ಕು ನಟ್ಟು ಸಿಕ್ಕಿಸಿ ‘ಬೀಸು’ ಎಂದರು. ಬೀಸಿದೆ. ಕಡ್ಡಿ ತೊನೆದಾಡಿತು, ನಿಲ್ಲಲೇ ಇಲ್ಲ. ಅದೇ ನಟ್ಟುಗಳನ್ನು ಬುಡದ ಕಡೆಗೆ ಸರಿಸಿದರೆ ತೂಕವೇ ಗೊತ್ತಾಗಲಿಲ್ಲ.

ಉಂಗುರವೆಂದರೆ ಬರೀ ಬಳೆಯಲ್ಲ. ಅದಕ್ಕೊಂದು ಕಾಲು, ಕಾಲಿಗೆ ಸುತ್ತಿದ ನೂಲು, ನೂಲಿನ ಮೇಲೆ ಅಂಟು. ಎಲ್ಲ ಸೇರಿ ತೂಕ. ತುದಿ ಭಾರವಾದರೆ ಬೀಸಿದ ಕೋಲು ಬೇಗ ನೆಟ್ಟಗಾಗುವುದಿಲ್ಲ. ಗಾಳ ದೂರ ಹೋಗುವುದಿಲ್ಲ. ಮೀನು ಮೂತಿ ಮುಟ್ಟಿದ್ದು ಕೈಗೆ ತಿಳಿಯುವುದಿಲ್ಲ. ಉಂಗುರ ಹೆಚ್ಚಿದಷ್ಟೂ ಬೀಸುವಾಗ ದಾರ ತಾಗುವ ಜಾಗಗಳೂ ಹೆಚ್ಚು.

ಒಂದು ತಪ್ಪು ನಂಬಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಉಂಗುರ ಹೆಚ್ಚಿದರೆ ಮೀನು ಎಳೆಯುವಾಗಲೂ ತಿಕ್ಕಾಟ ಹೆಚ್ಚುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಬಾಗಿದ ಕೋಲಿನಲ್ಲಿ ದಾರದ ಒಟ್ಟು ತಿರುವು ಎಷ್ಟು ಎಂಬುದರ ಮೇಲೆ ತಿಕ್ಕಾಟ ನಿಂತಿದೆ. ಆರು ಉಂಗುರವಿರಲಿ ಒಂಬತ್ತಿರಲಿ ಒಟ್ಟು ತಿರುವು ಹೆಚ್ಚುಕಡಿಮೆ ಒಂದೇ. ಒಂಬತ್ತಿದ್ದಾಗ ಅದು ಹಂಚಿಹೋಗುತ್ತದೆ ಅಷ್ಟೆ. ಭಾರದ ಮೂಟೆಯನ್ನು ಇಬ್ಬರ ಬದಲು ನಾಲ್ವರು ಹೊತ್ತಂತೆ.

ಎಣಿಸಬೇಡಿ, ಬಗ್ಗಿಸಿ

ಕೋಲು ಕಟ್ಟುವವರಲ್ಲಿ ಒಂದು ಹಳೆಯ ಅಂದಾಜು ಉಂಟು. ಕೋಲು ಎಷ್ಟು ಅಡಿಯೋ ಅಷ್ಟು ಉಂಗುರ, ತುದಿಯದು ಬೇರೆ. ಏಳು ಅಡಿಗೆ ಏಳು, ಇಲ್ಲವೇ ಒಂದು ಹೆಚ್ಚು. ಶುರು ಮಾಡಲು ಈ ಅಂದಾಜು ಸಾಕು. ಕೊನೆಯ ತೀರ್ಮಾನ ಮಾತ್ರ ಕೋಲನ್ನೇ ಕೇಳಬೇಕು. ಅದೇ ಅಡಿಯ ಎರಡು ಕೋಲುಗಳಲ್ಲಿ ಒಂದು ಬರೀ ತುದಿಯಲ್ಲಿ ಬಾಗಬಹುದು, ಮತ್ತೊಂದು ಬುಡದವರೆಗೂ ಬಾಗಬಹುದು. ಎಲ್ಲಿ ಹೆಚ್ಚು ಬಾಗುತ್ತದೋ ಅಲ್ಲಿ ಉಂಗುರ ದಟ್ಟವಾಗಿರಬೇಕು.

ಹಿರಿಯರು ನನಗೆ ಹೇಳಿಕೊಟ್ಟ ಕ್ರಮ ಹೀಗಿದೆ. ಮನೆಯಲ್ಲೇ ಮಾಡಬಹುದು.

ಹಳೆಯ ಸೈಕಲ್ ಟ್ಯೂಬನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಕತ್ತರಿಸಿ. ಉಂಗುರಗಳನ್ನು ಅಂಟು ಹಾಕದೆ ಈ ಪಟ್ಟಿಗಳಿಂದಲೇ ಕೋಲಿಗೆ ಬಿಗಿಯಿರಿ. ತುದಿಯ ಉಂಗುರದಿಂದ ಮೊದಲನೆಯದು ನಾಲ್ಕು ಅಂಗುಲದ ಆಸುಪಾಸು ಇರಲಿ. ಬುಡದ ಕಡೆ ಬರುತ್ತಾ ಅಂತರ ಸ್ವಲ್ಪ ಸ್ವಲ್ಪವೇ ಹೆಚ್ಚಲಿ. ರೀಲಿಗೆ ಹತ್ತಿರದ ಉಂಗುರ ರೀಲಿನಿಂದ ಒಂದೂವರೆ, ಎರಡು ಅಡಿ ದೂರವಿರಲಿ, ಎಲ್ಲಕ್ಕಿಂತ ದೊಡ್ಡದಾಗಿರಲಿ. ನಮ್ಮಲ್ಲಿ ಹೆಚ್ಚಾಗಿ ಬಳಸುವ, ಕೋಲಿನ ಕೆಳಗೆ ನೇತಾಡುವ ರೀಲಿನಿಂದ ದಾರ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಆ ಸುರುಳಿಯನ್ನು ನುಂಗಿ ಸಪೂರ ಮಾಡಿ ಮುಂದಕ್ಕೆ ಕಳಿಸುವುದು ದೊಡ್ಡ ಉಂಗುರದ ಕೆಲಸ. ಆಲಿಕೆಯಲ್ಲಿ ಎಣ್ಣೆ ಇಳಿದ ಹಾಗೆ.

ಈಗ ದಾರ ತೂರಿಸಿ ಅದರ ಕೊನೆಯನ್ನು ನೆಲದಲ್ಲಿ ಒಂದು ಕಲ್ಲಿಗೆ ಕಟ್ಟಿ. ಕೋಲನ್ನು ಓರೆಯಾಗಿ ಹಿಡಿದು, ಮೀನು ಎಳೆದಂತೆ ಬಾಗುವವರೆಗೆ ರೀಲು ಸುತ್ತಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ದಾರ ಕಮಾನಿನ ಜೊತೆ ಜೊತೆಗೆ ಸಾಗಿದೆಯೇ? ಯಾವ ಎರಡು ಉಂಗುರಗಳ ನಡುವೆ ದಾರ ಕೋಲಿನಿಂದ ಬಹಳ ದೂರ ಸರಿದಿದೆಯೋ ಅಲ್ಲಿ ಅಂತರ ಹೆಚ್ಚಾಗಿದೆ ಎಂದರ್ಥ. ಮೊದಲು ಉಂಗುರಗಳನ್ನು ಅತ್ತಿತ್ತ ಸರಿಸಿ ನೋಡಿ. ಸರಿಸಿದರೂ ಸರಿಹೋಗದಿದ್ದರೆ ಮಾತ್ರ ಒಂದು ಉಂಗುರ ಸೇರಿಸಿ. ಒಂದನ್ನು ತೆಗೆದರೂ ದಾರದ ದಾರಿ ಕೆಡದಿದ್ದರೆ ತೆಗೆದುಬಿಡಿ. ಅದು ಬರೀ ಭಾರ.

ರೀಲೂ ಉಂಗುರವೂ ಕೋಲಿನ ಮೇಲ್ಭಾಗದಲ್ಲಿರುವ ಬಗೆಯ ಕೋಲಾದರೆ ಇನ್ನೊಂದು ಎಚ್ಚರ ಬೇಕು. ಕೋಲು ಬಾಗಿದಾಗ ಅಲ್ಲಿ ದಾರ ಬೆನ್ನಿನ ಮೇಲೆ ಹಾಯುತ್ತದೆ. ಉಂಗುರಗಳು ವಿರಳವಾದರೆ ಎರಡರ ನಡುವೆ ದಾರ ಕೋಲನ್ನೇ ಉಜ್ಜುತ್ತದೆ. ಆದ್ದರಿಂದ ಆ ಬಗೆಯ ಕೋಲಿಗೆ ಒಂದೆರಡು ಉಂಗುರ ಹೆಚ್ಚೇ ಬೇಕಾಗುವುದುಂಟು.

ಕೊನೆಗೆ, ಟ್ಯೂಬಿನ ಪಟ್ಟಿ ಬಿಚ್ಚದೆಯೇ ಬಯಲಿಗೆ ಹೋಗಿ ಗಾಳದ ಬದಲು ಸೀಸದ ಗುಂಡು ಕಟ್ಟಿ ಬೀಸಿ ನೋಡಬೇಕು. ಬಗ್ಗಿಸಿದಾಗ ಸರಿಯಿದ್ದದ್ದು ಬೀಸುವಾಗ ಸರಿಯಿಲ್ಲದಿರಬಹುದು. ಎರಡರಲ್ಲೂ ಪಾಸಾದ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿ, ಉಂಗುರದ ಕಾಲಿನ ಚೂಪನ್ನು ಅರದಿಂದ ಸವರಿ, ಒತ್ತೊತ್ತಾಗಿ ನೂಲು ಸುತ್ತಿ ಅಂಟು ಹಚ್ಚಿದರೆ ಆಯಿತು.

ನನ್ನ ಕೋಲಿನ ಲೆಕ್ಕ

ಚಿತ್ರದುರ್ಗದ ನಮ್ಮ ಮನೆಯ ತಾರಸಿಯಲ್ಲಿ ಈ ಪ್ರಯೋಗ ನಡೆಯಿತು. ಎರಡು ತುಂಡಿನ, ಏಳಡಿಯ ಬರೀ ಕೋಲೊಂದನ್ನು ತರಿಸಿದ್ದೆ. ಕೋಟೆಯ ಕಡೆಯಿಂದ ಬರುವ ಗಾಳಿಗೆ ದಾರ ಹಾರಾಡುತ್ತಿತ್ತು. ಮನೆಯಾಕೆ ಪಕ್ಕದಲ್ಲಿ ನಿಂತು ‘ಇಲ್ಲಿ ದೂರ ಹೋಯ್ತು, ಇಲ್ಲಿ ಹತ್ರ ಬಂತು’ ಎಂದು ಹೇಳುತ್ತಿದ್ದರು. ಎದುರು ಮನೆಯವರು ಆಂಟೆನಾ ಕಟ್ಟುತ್ತಿದ್ದೇವೆ ಎಂದುಕೊಂಡರಂತೆ.

ಅಂದಾಜಿನ ಪ್ರಕಾರ ತುದಿಯದು ಬಿಟ್ಟು ಏಳು ಹಾಕಿದೆ. ತುದಿಯಿಂದ ಎರಡನೆಯ, ಮೂರನೆಯ ಉಂಗುರಗಳ ನಡುವೆ ದಾರ ಕಮಾನು ಬಿಟ್ಟು ಓಡುತ್ತಿತ್ತು. ಸರಿಸಿದರೆ ಇನ್ನೊಂದು ಕಡೆ ಅದೇ ತೊಂದರೆ. ಎಂಟನೆಯದನ್ನು ಸೇರಿಸಿದೆ, ದಾರ ದಾರಿಗೆ ಬಂತು. ಆಸೆ ಬಿಡಲಿಲ್ಲ, ಒಂಬತ್ತನ್ನೂ ನೋಡಿದೆ. ಬಗ್ಗಿಸಿದಾಗ ಏನೂ ವ್ಯತ್ಯಾಸ ಕಾಣಲಿಲ್ಲ. ಬಯಲಿನಲ್ಲಿ ಬೀಸಿದಾಗ ಸೀಸದ ಗುಂಡು ಮೊದಲಿಗಿಂತ ಹತ್ತಿರವೇ ಬಿತ್ತು. ಒಂಬತ್ತನೆಯದನ್ನು ಬಿಚ್ಚಿದೆ. ಎಂಟಕ್ಕೆ ನಿಂತೆ.

ಷಡ್ಡಕರ ಕೋಲಿಗೆ ಹೊಸ ತುದಿ ಹಾಕಿಸಿ ಕೊಟ್ಟೆ. ಮಡಚುಕೋಲಾದ್ದರಿಂದ ನಡುವೆ ಉಂಗುರ ಸೇರಿಸುವಂತಿರಲಿಲ್ಲ. ಅಂಥ ಕೋಲು ಇರುವವರು ಎಸೆಯುವ ಅಗತ್ಯವೂ ಇಲ್ಲ. ರೀಲಿನ ಬಿಗಿಯನ್ನು ಸಡಿಲ ಇಟ್ಟು, ಮೀನು ಎಳೆದಾಗ ದಾರ ಬಿಡುವಂತೆ ಮಾಡಿಕೊಂಡರೆ ಸಾಕು. ಕೋಲನ್ನು ತಲೆಯ ಮೇಲಕ್ಕೆ ಎತ್ತಿ ಹಿಂದಕ್ಕೆ ಎಳೆಯಬಾರದು. ಆಗ ಬಾಗುವುದು ತುದಿಯೊಂದೇ. ಆ ದಿನ ನಾನು ಮಾಡಿದ್ದು ಅದನ್ನೇ. ಎಲ್ಲ ತಪ್ಪನ್ನೂ ಉಂಗುರದ ಮೇಲೆ ಹಾಕಿದರೆ ಅನ್ಯಾಯವಾದೀತು.

ಇನ್ನೊಂದು ಮಾತು. ನಮ್ಮ ಕೆರೆ, ಜಲಾಶಯಗಳ ಮೀನಿನ ಹಕ್ಕು ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಸೇರಿರುತ್ತದೆ. ಅದನ್ನೇ ನಂಬಿ ಬದುಕುವ ಬೆಸ್ತರ ಮನೆಗಳಿವೆ. ಹವ್ಯಾಸದವರು ಕೇಳಿಯೇ ಗಾಳ ಹಾಕಬೇಕು. ಕಡಿದ ದಾರವನ್ನು ದಡದಲ್ಲಿ ಬಿಡದೆ ಜೇಬಿನಲ್ಲಿ ಮನೆಗೆ ತರಬೇಕು.

ಮಾರಿಕಣಿವೆ 2025ರ ಜನವರಿಯಲ್ಲಿ ಮತ್ತೆ ತುಂಬಿತು. ನಾನೂ ಷಡ್ಡಕರೂ ಮತ್ತೆ ಹಿನ್ನೀರಿಗೆ ಹೋದೆವು. ಬೆಳಗಿನಿಂದ ಕೂತವರಿಗೆ ಸಿಕ್ಕಿದ್ದು ಒಂದು ರೋಹು, ಮೂರು ಕಿಲೋಗೆ ಸ್ವಲ್ಪ ಕಡಿಮೆ. ಆದರೆ ಅದು ಎರಡು ಸಲ ಆಳಕ್ಕೆ ಓಡಿದಾಗ ಕೋಲು ಬುಡದವರೆಗೂ ಬಾಗಿತು, ದಾರ ಎಂಟೂ ಉಂಗುರಗಳಲ್ಲಿ ಸದ್ದಿಲ್ಲದೆ ಓಡಿತು. ಷಡ್ಡಕರು ಮೀನನ್ನು ನೋಡುವ ಬದಲು ಕೋಲನ್ನೇ ನೋಡುತ್ತಿದ್ದರು. ಮರಳುವಾಗ ಹಿರಿಯೂರಿನ ಅಂಗಡಿಯ ಮುಂದೆ ನಿಲ್ಲಿಸಿ ಮೀನನ್ನು ಹಿರಿಯರಿಗೇ ಕೊಟ್ಟೆವು. ಒಂಬತ್ತನೆಯ ಉಂಗುರ ಈಗಲೂ ನನ್ನ ಮೇಜಿನ ಮೇಲಿನ ಬೆಂಕಿಪೊಟ್ಟಣದಲ್ಲಿ ಗುಂಡುಸೂಜಿಗಳ ಜೊತೆ ಇದೆ.